ಕೈದಿಯ ಇಚ್ಛೆ: ಕೊರಿಯಾ ಯುದ್ಧದ ಕೊನೆಯ ವಿವಾದ ಮತ್ತು ಜನರಲ್ ತಿಮ್ಮಯ್ಯ

ಇಪ್ಪತ್ತನೆಯ ಶತಮಾನದಲ್ಲಿ ಕಮ್ಯುನಿಸ್ಟ್ ರಾಷ್ಟ್ರಗಳಿಗೂ ಪ್ರಜಾಪ್ರಭುತ್ವವಾದಿ ರಾಷ್ಟ್ರಗಳಿಗೂ ನಡೆದ ಪೈಪೋಟಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕ್ಷಿಪಣಿಗಳನ್ನು, ಸೇನಾ ಒಪ್ಪಂದಗಳನ್ನು, ಬರ್ಲಿನ್ ಗೋಡೆಯನ್ನು ನೆನೆಯುತ್ತೇವೆ. ನಾನು ಇಂದು ಅವುಗಳನ್ನು ಬಿಟ್ಟು ಒಂದೇ ಒಂದು ಪ್ರಶ್ನೆಯ ಕಥೆಯನ್ನು ಹೇಳಬಯಸುತ್ತೇನೆ. ಸೆರೆಸಿಕ್ಕ ಸೈನಿಕನೊಬ್ಬ ಯುದ್ಧ ಮುಗಿದ ಮೇಲೆ "ನಾನು ನನ್ನ ದೇಶಕ್ಕೆ ಹಿಂದಿರುಗುವುದಿಲ್ಲ" ಎಂದು ಹೇಳಬಹುದೇ? ಕೊರಿಯಾ ಯುದ್ಧ ಈ ಪ್ರಶ್ನೆಗಾಗಿ ಹದಿನೈದು ತಿಂಗಳು ಹೆಚ್ಚು ನಡೆಯಿತು. ಎರಡು ಬಣಗಳೂ ತಾವೇ ಜನರ ಪರವೆಂದು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಸಾಮಾನ್ಯ ಕೈದಿಯ ಉತ್ತರವೂ ಒಂದು ವ್ಯವಸ್ಥೆಯ ಪರವಾದ ಅಥವಾ ವಿರುದ್ಧವಾದ ಸಾಕ್ಷ್ಯವಾಗಿಬಿಟ್ಟಿತ್ತು. ಕೊನೆಗೆ ಆ ಪ್ರಶ್ನೆಯನ್ನು ಕೈದಿಗಳ ಮುಂದಿಡುವ ಹೊಣೆ ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಒಬ್ಬ ಸೇನಾಧಿಕಾರಿಯ ಮೇಲೆ ಬಿದ್ದಿತು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1910ರಿಂದ ಜಪಾನಿನ ವಸಾಹತುವಾಗಿದ್ದ ಕೊರಿಯಾವನ್ನು 1945ರ ಆಗಸ್ಟಿನಲ್ಲಿ 38ನೆಯ ಅಕ್ಷಾಂಶದ ಗೆರೆ ಎರಡಾಗಿಸಿತು. ವಾಷಿಂಗ್ಟನ್ನಿನಲ್ಲಿ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ರಾತ್ರೋರಾತ್ರಿ ನಕ್ಷೆಯನ್ನು ನೋಡಿ ಸೂಚಿಸಿದ ಆ ಗೆರೆಯನ್ನು ಸೋವಿಯತ್ ಒಕ್ಕೂಟ ಒಪ್ಪಿಕೊಂಡಿತು. ಕೊರಿಯಾದ ಜನರನ್ನು ಯಾರೂ ಕೇಳಲಿಲ್ಲ. ಉತ್ತರದಲ್ಲಿ ಕಿಮ್ ಇಲ್ ಸುಂಗ್, ದಕ್ಷಿಣದಲ್ಲಿ ಸಿಂಗ್‌ಮನ್ ರೀ ಇಡೀ ದೇಶ ತಮ್ಮದೆಂದು ಹಕ್ಕು ಸಾಧಿಸುತ್ತಿದ್ದರು. 1950ರ ಜೂನ್ 25ರಂದು ಉತ್ತರದ ಸೈನ್ಯ ಗೆರೆ ದಾಟಿತು. ಅಮೆರಿಕದ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಪಡೆ ಅದನ್ನು ಚೀನಾದ ಗಡಿಯವರೆಗೂ ಹಿಂದಟ್ಟಿತು, ಆಮೇಲೆ ಚೀನಾ ಯುದ್ಧಕ್ಕೆ ಇಳಿಯಿತು, ಮತ್ತು ಒಂದು ವರ್ಷ ಕಳೆಯುವ ಹೊತ್ತಿಗೆ ಎರಡೂ ಸೈನ್ಯಗಳು ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದು ನಿಂತಿದ್ದವು. 1951ರ ಜುಲೈ 10ರಂದು ಕದನವಿರಾಮದ ಮಾತುಕತೆ ಕೇಸಾಂಗ್‌ನಲ್ಲಿ ಆರಂಭವಾಗಿ ನಂತರ ಪನ್‌ಮುಂಜೋಮ್‌ಗೆ ಸ್ಥಳಾಂತರಗೊಂಡಿತು. ಗಡಿರೇಖೆ, ಮೇಲ್ವಿಚಾರಣೆ ಮುಂತಾದವುಗಳ ಬಗ್ಗೆ 1952ರ ವಸಂತದ ಹೊತ್ತಿಗೆ ಬಹುಮಟ್ಟಿಗೆ ಒಮ್ಮತ ಮೂಡಿತ್ತು. ಉಳಿದದ್ದು ಯುದ್ಧಕೈದಿಗಳ ವಿಷಯ ಒಂದೇ.

ಕಾನೂನನ್ನು ಮಾತ್ರ ನೋಡಿದರೆ ಇಲ್ಲಿ ವಿವಾದಕ್ಕೆ ಅವಕಾಶವೇ ಇರಬಾರದಿತ್ತು. 1949ರ ಜಿನೀವಾ ಒಡಂಬಡಿಕೆಯ 118ನೆಯ ವಿಧಿ ಸ್ಪಷ್ಟವಾಗಿದೆ: ಕಾದಾಟ ನಿಂತ ಕೂಡಲೇ ಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕು. ಚೀನಾ ಮತ್ತು ಉತ್ತರ ಕೊರಿಯಾ ಈ ವಿಧಿಯನ್ನೇ ಹಿಡಿದು ನಿಂತವು. ಅಮೆರಿಕ ಮಾತ್ರ, ಯಾವ ಕೈದಿಯನ್ನೂ ಅವನ ಇಚ್ಛೆಗೆ ವಿರುದ್ಧವಾಗಿ ಕಳುಹಿಸಲಾಗದು ಎಂದು ಹಟ ಹಿಡಿಯಿತು. ಮನುಷ್ಯರನ್ನು ಕೊಲೆಗೋ ಗುಲಾಮಗಿರಿಗೋ ಒಪ್ಪಿಸಿ ಕದನವಿರಾಮವನ್ನು ಕೊಳ್ಳುವುದಿಲ್ಲ ಎಂಬ ಅರ್ಥದ ಮಾತನ್ನು ಅಧ್ಯಕ್ಷ ಟ್ರೂಮನ್ 1952ರ ಮೇ 7ರಂದು ಆಡಿದರು.

ಈ ನಿಲುವಿನ ಹಿಂದೆ ಒಂದು ಕಹಿ ನೆನಪಿತ್ತು. ಅದಕ್ಕಾಗಿ ನಾನು ವಿಷಯದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲೇಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಯಾಲ್ಟಾದಲ್ಲಿ ಆದ ಒಪ್ಪಂದದಂತೆ ಪಶ್ಚಿಮದ ಸೈನ್ಯಗಳು ತಮ್ಮ ವಶದಲ್ಲಿದ್ದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸೋವಿಯತ್ ಪ್ರಜೆಗಳನ್ನು ಸ್ಟಾಲಿನ್‌ನ ಸರ್ಕಾರಕ್ಕೆ ಹಿಂದಿರುಗಿಸಿದ್ದವು. ಅವರಲ್ಲಿ ಹಲವರು ಹೋಗಲೊಲ್ಲೆವೆಂದು ಬೇಡಿಕೊಂಡಿದ್ದರು. ಆಸ್ಟ್ರಿಯಾದ ಲಿಯೆಂಟ್ಸ್‌ನಲ್ಲಿ ಬ್ರಿಟಿಷ್ ಸೈನಿಕರು ರಷ್ಯಾದ ಯೋಧ ಸಮುದಾಯವಾದ ಕೊಸಾಕರನ್ನು ಹೊಡೆದು ಲಾರಿಗಳಿಗೆ ತುಂಬಿದ್ದರು; ಕೆಲವರು ಅಲ್ಲೇ ಪ್ರಾಣ ಕಳೆದುಕೊಂಡರು. ಅದು ಮತ್ತೆ ಆಗಬಾರದೆಂಬ ಪ್ರಾಮಾಣಿಕ ಸಂಕೋಚ ವಾಷಿಂಗ್ಟನ್ನಿನಲ್ಲಿ ಇತ್ತು. ಸಾವಿರಾರು ಕಮ್ಯುನಿಸ್ಟ್ ಸೈನಿಕರು ಕಮ್ಯುನಿಸ್ಟ್ ದೇಶವನ್ನು ತಿರಸ್ಕರಿಸಿದರೆ ಜಗತ್ತಿನ ಮುಂದೆ ಸಿಗುವ ಪ್ರಚಾರದ ಲಾಭದ ಲೆಕ್ಕಾಚಾರವೂ ಇತ್ತು. ಈ ಎರಡರಲ್ಲಿ ಯಾವುದು ನಿಜವಾದ ಕಾರಣವೆಂದು ಕೇಳುವವರಿಗೆ ನನ್ನ ಉತ್ತರ, ಎರಡೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇದ್ದವು ಎಂಬುದು. ಒಳ್ಳೆಯ ಉದ್ದೇಶ ಮತ್ತು ಲಾಭ ಒಂದೇ ದಿಕ್ಕಿಗೆ ತೋರಿಸಿದಾಗ ರಾಷ್ಟ್ರಗಳು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ. ಇಲ್ಲಿ ಆದದ್ದು ಅದೇ.

ಕೈದಿಗಳು ಯಾರು ಎಂಬುದನ್ನೂ ತಿಳಿಯಬೇಕು. 1951ರ ಡಿಸೆಂಬರಿನಲ್ಲಿ ಪಟ್ಟಿಗಳ ವಿನಿಮಯವಾದಾಗ ವಿಶ್ವಸಂಸ್ಥೆಯ ಕಡೆಯವರು ಸುಮಾರು 1,32,000 ಹೆಸರುಗಳನ್ನು ಕೊಟ್ಟರು. ಕಮ್ಯುನಿಸ್ಟರ ಪಟ್ಟಿಯಲ್ಲಿ ಇದ್ದದ್ದು 11,559 ಮಾತ್ರ. ಉತ್ತರದವರು ಸೆರೆಹಿಡಿದ ದಕ್ಷಿಣದ ಸಾವಿರಾರು ಸೈನಿಕರನ್ನು ತಮ್ಮ ಸೈನ್ಯಕ್ಕೇ ಸೇರಿಸಿಕೊಂಡಿದ್ದರು, ಆದ್ದರಿಂದ ಅವರು ಯಾವ ಲೆಕ್ಕದಲ್ಲೂ ಇರಲಿಲ್ಲ. ಅತ್ತ ವಿಶ್ವಸಂಸ್ಥೆಯ ವಶದಲ್ಲಿದ್ದವರೆಲ್ಲ ಕಮ್ಯುನಿಸ್ಟರೂ ಆಗಿರಲಿಲ್ಲ. 1950ರ ಬೇಸಗೆಯಲ್ಲಿ ದಕ್ಷಿಣದ ಊರುಗಳನ್ನು ಹಿಡಿದಾಗ ಉತ್ತರದ ಸೈನ್ಯ ಅಲ್ಲಿನ ಯುವಕರನ್ನು ಬಲವಂತವಾಗಿ ಸೇರಿಸಿಕೊಂಡಿತ್ತು. ಚೀನೀ ಕೈದಿಗಳಲ್ಲಿ ದೊಡ್ಡ ಪಾಲು ಹಿಂದೆ, ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರಿಗೆ ಸೋತು ತೈವಾನಿಗೆ ಹಿಮ್ಮೆಟ್ಟಿದ ಚಿಯಾಂಗ್ ಕೈ ಷೇಕ್‌ನ ಸೈನ್ಯದಲ್ಲಿದ್ದು, 1949ರ ಆ ಸೋಲಿನ ನಂತರ ಮಾವೋನ ಸೈನ್ಯಕ್ಕೆ ಇಡಿಯಾಗಿ ವರ್ಗವಾದವರು. ಯಾವ ಬಾವುಟದ ಕೆಳಗೆ ನಿಲ್ಲಬೇಕೆಂದು ಇವರಲ್ಲಿ ಬಹಳ ಜನರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಈಗ ಕೋಜೆ ದ್ವೀಪದ ವಿಷಯ. ಕೊರಿಯಾದ ದಕ್ಷಿಣ ತೀರದ ಈ ದ್ವೀಪದಲ್ಲಿ ಮುಳ್ಳುತಂತಿಯ ಒಂದೊಂದು ಆವರಣದೊಳಗೆ ಸಾವಿರಾರು ಕೈದಿಗಳನ್ನು ಇರಿಸಲಾಗಿತ್ತು. ಕಾವಲುಗಾರರು ಹೊರಗೆ ನಿಲ್ಲುತ್ತಿದ್ದರು. ಒಳಗಿನ ಆಡಳಿತ ಕೈದಿಗಳ ಮುಖಂಡರದ್ದಾಗಿತ್ತು. ಕೆಲವು ಆವರಣಗಳಲ್ಲಿ ಕಮ್ಯುನಿಸ್ಟ್ ಸಮಿತಿಗಳು ನ್ಯಾಯಾಲಯ ನಡೆಸಿ ರಾತ್ರಿ ಹೊತ್ತಿನಲ್ಲಿ ಮರಣದಂಡನೆ ಜಾರಿ ಮಾಡುತ್ತಿದ್ದವು. ಬೇರೆ ಆವರಣಗಳಲ್ಲಿ ಕಮ್ಯುನಿಸ್ಟ್ ವಿರೋಧಿ ಮುಖಂಡರು, ಚಿಯಾಂಗ್‌ನ ಸರ್ಕಾರದ ಬೆಂಬಲದೊಂದಿಗೆ, ಅಷ್ಟೇ ಕಠೋರವಾಗಿ ಆಳುತ್ತಿದ್ದರು. ಚೀನೀ ಕೈದಿಗಳ ತೋಳಿನ ಮೇಲೆ, ಎದೆಯ ಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಹಾಕಲಾಗುತ್ತಿತ್ತು. ಕೆಲವರು ಒಪ್ಪಿ ಹಾಕಿಸಿಕೊಂಡರು, ಕೆಲವರಿಗೆ ಹಿಡಿದು ಹಾಕಿದರು. ಅಂಥ ಹಚ್ಚೆಯನ್ನು ಹೊತ್ತವನು ಮುಂದೆ ಚೀನಾಕ್ಕೆ ಹಿಂದಿರುಗುವುದಾದರೂ ಹೇಗೆ? 1952ರ ಏಪ್ರಿಲಿನಲ್ಲಿ ಅಮೆರಿಕನ್ನರು ಕೈದಿಗಳ ಮನಸ್ಸನ್ನು ತಿಳಿಯಲು ತನಿಖೆ ನಡೆಸಿ, ಸುಮಾರು 70,000 ಮಂದಿ ಮಾತ್ರ ಹಿಂದಿರುಗಲು ಸಿದ್ಧರೆಂದು ಘೋಷಿಸಿದರು. ಪನ್‌ಮುಂಜೋಮ್‌ನಲ್ಲಿ ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಯನ್ನು ನಿರೀಕ್ಷಿಸಿದ್ದ ಚೀನಾದವರು ಇದನ್ನು ಅವಮಾನವೆಂದು ಭಾವಿಸಿದರು, ಮಾತುಕತೆ ಮುರಿದುಬಿತ್ತು.

ಟ್ರೂಮನ್ ಹೇಳಿಕೆ ಕೊಟ್ಟ ಆ ಮೇ 7ರಂದೇ ಕೋಜೆಯ 76ನೆಯ ಆವರಣದ ಕೈದಿಗಳು ಶಿಬಿರದ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್‌ರನ್ನು ಬಾಗಿಲ ಬಳಿ ಮಾತಿಗೆ ಕರೆದು ಒಳಕ್ಕೆ ಎಳೆದುಕೊಂಡರು. ಅವರನ್ನು ಬಿಡಿಸಿಕೊಳ್ಳಲು ಬಂದ ಅಧಿಕಾರಿ, ಶಿಬಿರದಲ್ಲಿ ರಕ್ತಪಾತವಾಗಿದೆಯೆಂದೂ ಇನ್ನು ಮುಂದೆ ಬಲವಂತದ ತನಿಖೆ ನಡೆಯುವುದಿಲ್ಲವೆಂದೂ ಬರೆದುಕೊಡಬೇಕಾಯಿತು. ಜೂನ್ ತಿಂಗಳಲ್ಲಿ ಟ್ಯಾಂಕುಗಳನ್ನು ನುಗ್ಗಿಸಿ ಆ ಆವರಣವನ್ನು ಒಡೆದಾಗ ಸುಮಾರು ಮೂವತ್ತು ಕೈದಿಗಳು ಸತ್ತರು. ಸ್ವಇಚ್ಛೆಯ ತತ್ವವನ್ನು ಎತ್ತಿಹಿಡಿದವರು ಆ ಇಚ್ಛೆಯನ್ನು ಪ್ರಕಟಿಸುವ ಜಾಗವನ್ನು ಎಂಥ ಸ್ಥಿತಿಯಲ್ಲಿ ಇಟ್ಟಿದ್ದರು ಎಂಬುದು ಅಂದು ಜಗತ್ತಿಗೆ ಗೊತ್ತಾಯಿತು.

ಉತ್ತರದ ಶಿಬಿರಗಳ ಸ್ಥಿತಿಯನ್ನು ಮುಚ್ಚಿಡುವುದೂ ಸರಿಯಲ್ಲ. ಯಾಲೂ ನದಿಯ ದಂಡೆಯ ಶಿಬಿರಗಳಲ್ಲಿ 1950–51ರ ಚಳಿಗಾಲದಲ್ಲಿ ಹಸಿವು, ಶೀತ, ಭೇದಿಗಳಿಂದ ಕೈದಿಗಳು ಸಾಲುಸಾಲಾಗಿ ಸತ್ತರು. ಸೆರೆಸಿಕ್ಕ ಏಳು ಸಾವಿರಕ್ಕೂ ಹೆಚ್ಚು ಅಮೆರಿಕನ್ನರಲ್ಲಿ ಸುಮಾರು 2,700 ಮಂದಿ ಸೆರೆಯಲ್ಲೇ ತೀರಿಕೊಂಡರು. ಬದುಕುಳಿದವರು ಚೀನೀ ಬೋಧಕರ ಮುಂದೆ ಗಂಟೆಗಟ್ಟಲೆ ಕುಳಿತು ರಾಜಕೀಯ ಪಾಠಗಳನ್ನು ಕೇಳಬೇಕಿತ್ತು. ಜಿನೀವಾ ಒಡಂಬಡಿಕೆಯ ಒಂದು ವಿಧಿಯನ್ನು ಪದೇ ಪದೇ ಉದ್ಧರಿಸುತ್ತಿದ್ದವರು ಅದರ ಉಳಿದ ವಿಧಿಗಳನ್ನು ಗಮನಿಸಲೇ ಇಲ್ಲ.

ಬಿಕ್ಕಟ್ಟನ್ನು ಬಿಡಿಸಲು ಭಾರತ ಮುಂದಾಯಿತು. 1952ರ ನವೆಂಬರಿನಲ್ಲಿ ವಿ. ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಒಂದು ನಿರ್ಣಯ ಮಂಡಿಸಿದರು. ಯಾವ ಕೈದಿಯನ್ನೂ ಕಳುಹಿಸಲು ಆಗಲಿ, ತಡೆಯಲು ಆಗಲಿ ಬಲಪ್ರಯೋಗ ಮಾಡಬಾರದು. ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದಕ್ಕೆ ಒಪ್ಪಿಸಬೇಕು ಎಂಬುದು ಅದರ ತಿರುಳು. ಮೊದಲು ಅಮೆರಿಕ ಮುನಿಸಿಕೊಂಡಿತು, ಆಮೇಲೆ ಸೋವಿಯತ್ ಪ್ರತಿನಿಧಿ ವಿಶಿನ್ಸ್ಕಿ ಕಟುವಾಗಿ ಖಂಡಿಸಿದರು. ಡಿಸೆಂಬರ್ 3ರಂದು ನಿರ್ಣಯಕ್ಕೆ 54 ಮತಗಳು ಪರವಾಗಿ, 5 ವಿರುದ್ಧವಾಗಿ ಬಿದ್ದವು. ಚೀನಾ ಒಪ್ಪಲಿಲ್ಲ. ಆದರೆ 1953ರ ಮಾರ್ಚ್ 5ರಂದು ಸ್ಟಾಲಿನ್ ನಿಧನರಾದರು, ಮಾಸ್ಕೋದ ಹೊಸ ನಾಯಕರಿಗೆ ಯುದ್ಧ ಮುಗಿಯುವುದು ಬೇಕಾಗಿತ್ತು, ಮತ್ತು ಅದೇ ತಿಂಗಳ ಕೊನೆಯಲ್ಲಿ ಚೀನಾದ ಪ್ರಧಾನಿ ಚೌ ಎನ್ ಲಾಯ್ ಹಿಂದಿರುಗಲೊಲ್ಲದ ಕೈದಿಗಳನ್ನು ತಟಸ್ಥ ದೇಶವೊಂದಕ್ಕೆ ಒಪ್ಪಿಸುವ ಸಲಹೆಯನ್ನು ಮುಂದಿಟ್ಟರು. ಜೂನ್ 8ರಂದು ಆಯೋಗದ ನಿಯಮಗಳಿಗೆ ಸಹಿಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾಗಳೊಂದಿಗೆ ಭಾರತ ಅದರ ಸದಸ್ಯ, ಅಧ್ಯಕ್ಷತೆಯೂ ಕೈದಿಗಳನ್ನು ಕಾಯುವ ಹೊಣೆಯೂ ಭಾರತದ್ದೇ.

ಹತ್ತು ದಿನಗಳ ನಂತರ, ಜೂನ್ 18ರ ಬೆಳಗಿನ ಜಾವ, ದಕ್ಷಿಣ ಕೊರಿಯಾದ ಅಧ್ಯಕ್ಷ ರೀ ತಮ್ಮ ಕಾವಲುಗಾರರಿಗೆ ಹೇಳಿ ಶಿಬಿರಗಳ ಬಾಗಿಲು ತೆರೆಸಿದರು. ಸುಮಾರು 27,000 ಕೊರಿಯನ್ ಕೈದಿಗಳು ಊರುಗಳಲ್ಲಿ ಕರಗಿಹೋದರು. ಕದನವಿರಾಮವನ್ನೇ ಒಡೆಯುವುದು ಅವರ ಉದ್ದೇಶವಾಗಿತ್ತು. ಅದು ಒಡೆಯಲಿಲ್ಲ, ಜುಲೈ 27ರಂದು ಸಹಿಯಾಯಿತು. ಹಿಂದಿರುಗಲು ಒಪ್ಪಿದವರ ವಿನಿಮಯ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ನಡೆದು 75,823 ಮಂದಿ ಉತ್ತರಕ್ಕೂ 12,773 ಮಂದಿ ದಕ್ಷಿಣಕ್ಕೂ ಹೋದರು. ಒಲ್ಲೆ ಎಂದವರು ಉಳಿದರು.

ಅವರಿಗಾಗಿಯೇ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಕೊರಿಯಾಕ್ಕೆ ಬಂದರು. ನಿಮ್ಮಲ್ಲಿ ಹಲವರು ಮಡಿಕೇರಿಯಲ್ಲಿ ಅವರ ಹುಟ್ಟಿದ ಮನೆ ಸನ್ನಿಸೈಡ್ ವಸ್ತುಸಂಗ್ರಹಾಲಯವಾಗಿರುವುದನ್ನು ನೋಡಿರಬಹುದು. 1906ರಲ್ಲಿ ಹುಟ್ಟಿದ ತಿಮ್ಮಯ್ಯನವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಮುಂದೆ ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್‌ಗಳಲ್ಲೂ ಕಲಿತವರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನ ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಭಾರತೀಯ. 1948ರ ನವೆಂಬರಿನಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಮೇಲೆ, ಟ್ಯಾಂಕುಗಳನ್ನು ಹತ್ತಿಸಿದವರು. ಇಂಥ ಸಾಹಸಗಳ ಪಟ್ಟಿಯಲ್ಲಿ ಅವರ ಕೊರಿಯಾದ ಕೆಲಸ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಅವರ ಅತ್ಯಂತ ಕಷ್ಟದ ಸೇವೆ, ಏಕೆಂದರೆ ಅಲ್ಲಿ ಗೆಲುವು ಎಂಬುದೇ ಇರಲಿಲ್ಲ.

ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್‌ರ ಕೈಕೆಳಗೆ ಸುಮಾರು ಆರು ಸಾವಿರ ಭಾರತೀಯ ಸೈನಿಕರು ಹಡಗಿನಲ್ಲಿ ಹೊರಟರು. ಭಾರತ ಕಮ್ಯುನಿಸ್ಟರ ಪರವೆಂದು ನಂಬಿದ್ದ ರೀ, ಒಬ್ಬನೇ ಒಬ್ಬ ಭಾರತೀಯ ಸೈನಿಕನೂ ತಮ್ಮ ನೆಲದ ಮೇಲೆ ಕಾಲಿಡಕೂಡದೆಂದರು. ಆದ್ದರಿಂದ ಇಂಚೋನ್ ಬಂದರಿನಲ್ಲಿ ಹಡಗಿನಿಂದ ಇಳಿಯದೆ, ಅಮೆರಿಕನ್ ಹೆಲಿಕಾಪ್ಟರುಗಳಲ್ಲಿ ತಂಡತಂಡವಾಗಿ, ಎರಡೂ ಸೈನ್ಯಗಳ ನಡುವಿನ ಸೇನಾರಹಿತ ವಲಯಕ್ಕೆ ಅವರನ್ನು ಸಾಗಿಸಬೇಕಾಯಿತು. ಅಲ್ಲಿ ಹಿಂದ್ ನಗರ ಎಂಬ ಶಿಬಿರ ಎದ್ದಿತು. ಸೆಪ್ಟೆಂಬರಿನ ಕೊನೆಯ ವಾರದ ಹೊತ್ತಿಗೆ 14,704 ಚೀನೀಯರು, 7,900 ಕೊರಿಯನ್ನರು ದಕ್ಷಿಣದ ಕಡೆಯಿಂದ ಬಂದರು. ಉತ್ತರದ ಕಡೆಯಿಂದ ಬಂದವರು 359: ಕೊರಿಯನ್ನರು 335, ಅಮೆರಿಕನ್ನರು 23, ಬ್ರಿಟಿಷ್ ಸೈನಿಕ ಒಬ್ಬ.

ಕೈದಿಗಳು ಬರುವಾಗ ತಮ್ಮ ಮುಖಂಡರನ್ನೂ ಸಂಘಟನೆಯನ್ನೂ ಇಡಿಯಾಗಿ ಜೊತೆಗೆ ತಂದರು. ಭಾರತೀಯರು ತಮ್ಮನ್ನು ಮೋಸದಿಂದ ಚೀನಾಕ್ಕೆ ಒಪ್ಪಿಸುತ್ತಾರೆಂದು ಅವರಿಗೆ ಹೇಳಲಾಗಿತ್ತು. ಮೊದಲ ದಿನಗಳಲ್ಲೇ ಒಂದು ಚೀನೀ ಆವರಣದ ಕೈದಿಗಳು ಮೇಜರ್ ಗ್ರೆವಾಲ್ ಎಂಬ ಅಧಿಕಾರಿಯನ್ನು ಒಳಗೆ ಹಿಡಿದಿಟ್ಟುಕೊಂಡರು. ಡಾಡ್ ಪ್ರಸಂಗವನ್ನು ಬಲ್ಲ ಯಾರಿಗಾದರೂ ಮುಂದೇನಾಗಬಹುದೆಂಬ ಭಯ ಸಹಜ. ಥೋರಟ್ ತಾವೇ ಆವರಣದೊಳಕ್ಕೆ ಹೋಗಿ ಮುಖಂಡರೊಂದಿಗೆ ಕುಳಿತು ಮಾತಾಡಿ, ಗುಂಡು ಹಾರಿಸದೆ ಅವರನ್ನು ಬಿಡಿಸಿಕೊಂಡು ಬಂದರು. ಎಲ್ಲ ದಿನಗಳೂ ಹಾಗೆ ಮುಗಿಯಲಿಲ್ಲ. ಅಕ್ಟೋಬರಿನ ಆರಂಭದಲ್ಲಿ ಕೈದಿಗಳು ತಂತಿಬೇಲಿಗೆ ನುಗ್ಗಿದಾಗ ಭಾರತೀಯ ಕಾವಲುಗಾರರು ಗುಂಡು ಹಾರಿಸಿದರು, ಕೆಲವರು ಸತ್ತರು. ಶಾಂತಿಯ ಕೆಲಸಕ್ಕೆ ಬಂದ ಪಡೆಯ ಕೈಯಿಂದ ಆದ ಈ ಸಾವುಗಳನ್ನು ಕಥೆಯಿಂದ ಬಿಟ್ಟುಬಿಡುವವರನ್ನು ನಾನು ಒಪ್ಪುವುದಿಲ್ಲ.

ನಿಯಮದಂತೆ ತೊಂಬತ್ತು ದಿನಗಳ ಕಾಲ ಕೈದಿಗಳ ಸ್ವದೇಶದ ಪ್ರತಿನಿಧಿಗಳು ಬಂದು, ಹಿಂದಿರುಗಲು ಭಯಪಡಬೇಕಾಗಿಲ್ಲವೆಂದು ಅವರಿಗೆ ವಿವರಿಸಬಹುದಿತ್ತು. ಅಕ್ಟೋಬರ್ 15ರಂದು ಆರಂಭವಾದ ಆ ದೃಶ್ಯವನ್ನು ನೀವು ಕಲ್ಪಿಸಿಕೊಳ್ಳಬೇಕು. ಸಾಲಾಗಿ ಡೇರೆಗಳು. ಪ್ರತಿಯೊಂದರಲ್ಲೂ ಒಂದು ಕಡೆ ವಿವರಿಸುವವರು, ಎದುರಿಗೆ ಐದು ತಟಸ್ಥ ರಾಷ್ಟ್ರಗಳ ಪ್ರತಿನಿಧಿಗಳು, ದುಭಾಷಿಗಳು, ಎರಡೂ ಬಣಗಳ ವೀಕ್ಷಕರು. ಹೊರಹೋಗಲು ಎರಡು ಬಾಗಿಲು: ಒಂದು ಸ್ವದೇಶದ ಕಡೆಗೆ, ಇನ್ನೊಂದು ಮತ್ತೆ ಶಿಬಿರದ ಕಡೆಗೆ. ಇಬ್ಬರು ಭಾರತೀಯ ಸೈನಿಕರ ನಡುವೆ ಕೈದಿ ಒಳಗೆ ಬರುತ್ತಿದ್ದ. ಹಲವರು ಕಿರುಚಿದರು, ಉಗುಳಿದರು, ಕುರ್ಚಿ ಎತ್ತಿ ಎಸೆದರು, "ತೈವಾನ್" ಎಂದು ಕೂಗುತ್ತ ಎರಡನೆಯ ಬಾಗಿಲಿಗೆ ಓಡಿದರು. ಚೀನಾದ ಪ್ರತಿನಿಧಿಗಳು ಕೆಲವರನ್ನು ಗಂಟೆಗಟ್ಟಲೆ ಕೂರಿಸಿಕೊಂಡು ತಾಯಿಯ ಮಾತು, ಹೊಲದ ಮಾತು ಎತ್ತಿ ಮನವೊಲಿಸಲು ನೋಡಿದರು. ಸ್ವದೇಶದ ಬಾಗಿಲನ್ನು ಆರಿಸಿಕೊಂಡವರು ಬಹಳ ಕಡಿಮೆ.

ಮರುದಿನ ಕೊರಿಯನ್ ಕೈದಿಗಳು ಆವರಣ ಬಿಟ್ಟು ಹೊರಬರಲೇ ನಿರಾಕರಿಸಿದರು. ಆಗ ಆಯೋಗ ಎರಡಾಗಿ ಒಡೆಯಿತು. ನಿಯಮದ ಪ್ರಕಾರ ವಿವರಣೆ ನಡೆಯಲೇಬೇಕು, ಆದ್ದರಿಂದ ಬಲ ಪ್ರಯೋಗಿಸಿ ಕರೆತನ್ನಿ ಎಂದು ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಒತ್ತಾಯಿಸಿದವು. ಬಲ ಪ್ರಯೋಗಿಸಿದರೆ ತಾನು ಆಯೋಗವನ್ನೇ ಬಿಡುವುದಾಗಿ ಸ್ವಿಟ್ಜರ್ಲೆಂಡ್ ಹೇಳಿತು. ನಿರ್ಧಾರ ತಿಮ್ಮಯ್ಯನವರದಾಗಿತ್ತು. ಸಾವಿರಾರು ಕೈದಿಗಳಿರುವ ಆವರಣಕ್ಕೆ ಸೈನಿಕರನ್ನು ನುಗ್ಗಿಸಿದರೆ ನೂರಾರು ಹೆಣಗಳು ಬೀಳುತ್ತವೆಂಬುದು ಅವರಿಗೆ ಗೊತ್ತಿತ್ತು. ಅವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಕೈದಿಗಳ ಮುಖಂಡರೊಡನೆ ಮಾತಾಡಿದರು, ಕಾದರು, ಮತ್ತೆ ಮಾತಾಡಿದರು. ತೊಂಬತ್ತು ದಿನಗಳಲ್ಲಿ ವಿವರಣೆ ನಿಜವಾಗಿ ನಡೆದದ್ದು ಹತ್ತು ದಿನ ಮಾತ್ರ; ಡೇರೆಯೊಳಗೆ ಬಂದು ಕುಳಿತವರು ಸುಮಾರು ಮೂರು ಸಾವಿರ ಮಂದಿ, ಅಂದರೆ ಏಳರಲ್ಲಿ ಒಬ್ಬರಷ್ಟೇ.

ಇಲ್ಲಿ ಒಂದು ಸಂಗತಿಯ ಮೇಲೆ ನಿಮ್ಮ ಗಮನ ಸೆಳೆಯುತ್ತೇನೆ. ದಕ್ಷಿಣದಿಂದ ಬಂದ 22,604 ಕೈದಿಗಳಲ್ಲಿ ಕೊನೆಗೆ ಸ್ವದೇಶಕ್ಕೆ ಹಿಂದಿರುಗಿದವರು 628. ಅವರಲ್ಲಿ ಬಹುಪಾಲು ಜನ ಡೇರೆಯಲ್ಲಿ ನಿರ್ಧಾರ ಪ್ರಕಟಿಸಿದವರಲ್ಲ. ತಂತಿಬೇಲಿ ಹತ್ತಿ, ಸಂಗಡಿಗರ ಕಣ್ಣು ತಪ್ಪಿಸಿ, ಭಾರತೀಯ ಕಾವಲುಗಾರರ ಬಳಿಗೆ ಓಡಿಬಂದವರು. ಮನೆಗೆ ಹೋಗುತ್ತೇನೆ ಎಂದು ಹೇಳಲು ಒಬ್ಬ ಮನುಷ್ಯ ಪ್ರಾಣವನ್ನು ಪಣಕ್ಕಿಡಬೇಕಾಗಿತ್ತು ಎಂದಾದರೆ, ಓಡಿಬರಲಾಗದೆ ಒಳಗೇ ಉಳಿದವರೆಲ್ಲರ ಮೌನವನ್ನು ಸ್ವತಂತ್ರ ಆಯ್ಕೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರೆಲ್ಲ ಬಲವಂತಕ್ಕೆ ಒಳಗಾದವರು ಎನ್ನುವುದೂ ಸುಳ್ಳು, ಕಮ್ಯುನಿಸ್ಟ್ ಆಳ್ವಿಕೆಯನ್ನು ನಿಜವಾಗಿ ದ್ವೇಷಿಸಿದವರು, ಅದಕ್ಕೆ ಹೆದರಿದವರು ಸಾವಿರಾರು ಜನ ಅಲ್ಲಿದ್ದರು. ಯಾರು ಯಾವ ಗುಂಪಿಗೆ ಸೇರಿದವರೆಂದು ವಿಂಗಡಿಸಲು ಬೇಕಾದ ನಿರ್ಭಯದ ಜಾಗ ಮಾತ್ರ ಎಲ್ಲೂ ಇರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಭಾರತ, ಪೋಲೆಂಡ್, ಜೆಕೊಸ್ಲೊವಾಕಿಯಾಗಳ ಬಹುಮತದ ವರದಿ, ಆವರಣಗಳ ಸಂಘಟನೆಗಳು ಕೈದಿಗಳ ಇಚ್ಛೆಯನ್ನು ಹತ್ತಿಕ್ಕಿದವೆಂದು ದಾಖಲಿಸಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಬೇರೆ ವರದಿ ಕೊಟ್ಟವು. ಅಮೆರಿಕ ಸಿಟ್ಟಾಯಿತು. ಬಲ ಪ್ರಯೋಗಿಸಲಿಲ್ಲವೆಂದು ಚೀನಾ ಮೊದಲೇ ಸಿಟ್ಟಾಗಿತ್ತು. ಕೈದಿಗಳ ಆಯ್ಕೆ ಸ್ವತಂತ್ರವಾಗಿತ್ತೆಂದು ಒಂದು ಬಣ ಬೇಡಿದ ಪ್ರಮಾಣಪತ್ರವನ್ನೂ ಇನ್ನೊಂದು ಬಣ ಬೇಡಿದ ಬಲಪ್ರಯೋಗವನ್ನೂ ತಿಮ್ಮಯ್ಯ ನಿರಾಕರಿಸಿದರು. ತಟಸ್ಥ ನೀತಿಯನ್ನು ಎರಡು ಪಕ್ಷಗಳ ನಡುವೆ ಸುಮ್ಮನಿರುವುದು ಎಂದು ಹೀಗಳೆಯುವವರು ಈ ನಾಲ್ಕು ತಿಂಗಳನ್ನು ಓದಬೇಕು.

ವಿವರಣೆಯ ನಂತರ ರಾಜಕೀಯ ಸಮ್ಮೇಳನವೊಂದು ಉಳಿದ ಕೈದಿಗಳ ಭವಿಷ್ಯವನ್ನು ನಿರ್ಧರಿಸಬೇಕಿತ್ತು. ಆ ಸಮ್ಮೇಳನ ಆ ಹೊತ್ತಿಗೆ ಸೇರಲೇ ಇಲ್ಲ. ಕೈದಿಗಳನ್ನು ಸ್ವತಂತ್ರರೆಂದು ಘೋಷಿಸಲು ಆಯೋಗದಲ್ಲಿ ಒಮ್ಮತವಿರಲಿಲ್ಲ, ಅನಿರ್ದಿಷ್ಟ ಕಾಲ ಅವರನ್ನು ಕಾಯುತ್ತ ಕೂರುವ ಅಧಿಕಾರವೂ ಭಾರತಕ್ಕೆ ಇರಲಿಲ್ಲ. 1954ರ ಜನವರಿ 20ರಿಂದ ತಿಮ್ಮಯ್ಯ ಕೈದಿಗಳನ್ನು ಅವರು ಬಂದ ಕಡೆಗೇ ಒಪ್ಪಿಸತೊಡಗಿದರು. ಚೀನೀಯರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ತೈವಾನಿಗೆ ಹೋದರು; ಅಲ್ಲಿ ಅವರಿಗೆ ವೀರರ ಸ್ವಾಗತ ದೊರೆಯಿತು, ಬಳಿಕ ಬಹಳಷ್ಟು ಜನರನ್ನು ಚಿಯಾಂಗ್‌ನ ಸೈನ್ಯಕ್ಕೆ ಸೇರಿಸಲಾಯಿತು. ಚೀನಾಕ್ಕೆ ಮರಳಿದವರ ಪಾಡು ಇನ್ನೂ ಕಠಿಣ. ಶರಣಾದವರೆಂಬ ಸಂಶಯದಲ್ಲಿ ವಿಚಾರಣೆಗೊಳಗಾಗಿ, ಪಕ್ಷದಿಂದ ಹೊರಹಾಕಲ್ಪಟ್ಟು, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮತ್ತೆ ಅವಮಾನ ಉಂಡು, 1980ರ ಸುಮಾರಿಗಷ್ಟೇ ಅವರಿಗೆ ಅಧಿಕೃತವಾಗಿ ಮಾನ ಮರಳಿತು. ಉತ್ತರದಲ್ಲೇ ಉಳಿಯುತ್ತೇವೆಂದ ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿದರು, 21 ಮಂದಿ ಚೀನಾಕ್ಕೆ ಹೋದರು. ಮುಂದಿನ ವರ್ಷಗಳಲ್ಲಿ ಅವರಲ್ಲೂ ಬಹುತೇಕರು ಹಿಂದಿರುಗಿದರು.

ಆಯೋಗದ ನಿಯಮಗಳಲ್ಲಿ ಮೂರನೆಯದೊಂದು ಅವಕಾಶವೂ ಇತ್ತು: ಯಾವ ಬಣವೂ ಬೇಡವೆನ್ನುವವನು ತಟಸ್ಥ ದೇಶಕ್ಕೆ ಹೋಗಬಹುದು. ಸುಮಾರು ಇಪ್ಪತ್ತಮೂರು ಸಾವಿರ ಕೈದಿಗಳಲ್ಲಿ ಅದನ್ನು ಕೇಳಿ ಪಡೆದವರು 88 ಮಂದಿ, 76 ಕೊರಿಯನ್ನರು ಮತ್ತು 12 ಚೀನೀಯರು. ಅವರು ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ 1954ರ ಫೆಬ್ರವರಿಯಲ್ಲಿ ಮದ್ರಾಸಿಗೆ ಬಂದಿಳಿದು, ಅಲ್ಲಿಂದ ದೆಹಲಿಗೆ ಹೋಗಿ, ತಮ್ಮನ್ನು ಕರೆದುಕೊಳ್ಳುವ ದೇಶಕ್ಕಾಗಿ ಎರಡು ವರ್ಷ ಕಾದರು. ಹಲವರು ಮೆಕ್ಸಿಕೋಗೆ ಹೋಗಲು ಬಯಸಿದ್ದರು, ಅದು ಕೈಗೂಡಲಿಲ್ಲ. ದೊಡ್ಡ ಗುಂಪೊಂದನ್ನು ಬ್ರೆಜಿಲ್ 1956ರಲ್ಲಿ ಸ್ವೀಕರಿಸಿತು, ಕೆಲವರು ಅರ್ಜೆಂಟೀನಾಕ್ಕೆ ಹೋದರು, ಮನಸ್ಸು ಬದಲಿಸಿದ ಕೆಲವರು ಊರಿಗೆ ಮರಳಿದರು, ಬೆರಳೆಣಿಕೆಯ ಮಂದಿ ಭಾರತದಲ್ಲೇ ಉಳಿದು ಕಸುಬು ಹಿಡಿದು ಸಂಸಾರ ಹೂಡಿದರು.